ಹೊಂಗೆ ಬಯೋಡೀಸೆಲ್ ಬೆರೆಸಿ ತೋಟದ ಎಂಜಿನ್ ಓಡಿಸುವುದು: ಟ್ಯಾಂಕ್ ತೊಳೆಯುವಲ್ಲಿಂದ ಮಳೆಗಾಲದವರೆಗೆ

ಫೆಬ್ರುವರಿ ಕೊನೆ. ಹಾಸನ ಜಿಲ್ಲೆಯ ಆಲೂರು ಕಡೆಯ ನಮ್ಮ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಯುತ್ತಿದ್ದೆವು. ಮೊಗ್ಗು ಬಲಿತು ನಿಂತಿತ್ತು, ಮಳೆಯ ಸುಳಿವಿರಲಿಲ್ಲ. ಕಾಫಿ ಬೆಳೆಯುವವರಿಗೆ ಆ ನಾಲ್ಕೈದು ದಿನ ಎಂಥವೆಂದು ಗೊತ್ತು. ಅರ್ಧ ತೋಟಕ್ಕೆ ನೀರು ಬಿದ್ದು ಇನ್ನರ್ಧ ಒಣಗಿದರೆ ಹೂವು ಒಟ್ಟಿಗೆ ಬಿಡುವುದಿಲ್ಲ, ಆ ವರ್ಷದ ಕಾಯಿಯೂ ಒಟ್ಟಿಗೆ ಹಣ್ಣಾಗುವುದಿಲ್ಲ. ಅಂಥ ದಿನದಲ್ಲಿ ಕೆರೆ ಏರಿಯ ಮೇಲಿದ್ದ ಡೀಸೆಲ್ ಎಂಜಿನ್ ಉಸಿರು ಕಟ್ಟಿದ ಹಾಗೆ ಎರಡು ಸಲ ತಗ್ಗಿ ಎದ್ದು, ಮೂರನೆಯ ಸಲ ನಿಂತೇ ಹೋಯಿತು. ಮೂರು ದಿನದ ಹಿಂದಷ್ಟೇ ನಾನು ಡೀಸೆಲ್‌ಗೆ ಐದರಲ್ಲಿ ಒಂದು ಪಾಲು ಹೊಂಗೆ ಬಯೋಡೀಸೆಲ್, ಅಂದರೆ ಹೊಂಗೆ ಬೀಜದ ಎಣ್ಣೆಯಿಂದ ತಯಾರಿಸಿದ ಇಂಧನ, ಬೆರೆಸಿದ್ದೆ. ಎಲ್ಲರ ಕಣ್ಣೂ ಆ ಕ್ಯಾನ್ ಮೇಲೆ ಬಿತ್ತು.

ಮೇಸ್ತ್ರಿ ಬಂದು ಫಿಲ್ಟರ್ ಬಿಚ್ಚಿದ. ಒಳಗೆ ಟಾರಿನಂಥ ಕಪ್ಪು ಗಸಿ. ಬೆರಳಿಗೆ ಹಚ್ಚಿಕೊಂಡು ನೋಡಿ ಕೇಳಿದ: ‘ಅಣ್ಣ, ಟ್ಯಾಂಕ್ ತೊಳೆದು ಎಷ್ಟು ವರ್ಷ ಆಯ್ತು?’ ನನ್ನ ಬಳಿ ಉತ್ತರವಿರಲಿಲ್ಲ. ‘ಹೊಸ ಎಣ್ಣೆದೇನೂ ತಪ್ಪಿಲ್ಲ. ಅದು ಹಳೇ ಕೊಳೆ ತೊಳ್ಕೊಂಡು ಬಂದು ಇಲ್ಲಿ ತಂದಿಟ್ಟಿದೆ ಅಷ್ಟೆ.’

ಬಯೋಡೀಸೆಲ್‌ ಬಗ್ಗೆ ನಾನು ಮೊದಲು ಕಲಿತ ಪಾಠ ಇದು. ಎಂಜಿನ್ ಸರಿ ಇಲ್ಲದೆ ಬೆರಕೆ ಹಾಕಿದರೆ ಬೆರಕೆ ಕೆಟ್ಟ ಹೆಸರು ಹೊರುತ್ತದೆ. ಎಂಜಿನ್ ಸರಿ ಮಾಡಿಕೊಂಡು, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ, ನೀರು ತಾಗದಂತೆ ನೋಡಿಕೊಂಡರೆ ಅದು ಒಳ್ಳೆಯ ಇಂಧನ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪಂಪ್‌ಸೆಟ್, ಪವರ್ ಟಿಲ್ಲರ್, ಹಳೆಯ ಟ್ರ್ಯಾಕ್ಟರ್, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ಗೆ ಕಟ್ಟಿದ ಎಂಜಿನ್, ಜನರೇಟರ್ ಇಟ್ಟುಕೊಂಡವರಿಗಾಗಿ ನಾನು ಮಾಡಿ ನೋಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬಯೋಡೀಸೆಲ್ ಹಾಕಿದರೆ ಎಂಜಿನ್‌ ಬಲ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಲೀಟರ್ ಬಯೋಡೀಸೆಲ್‌ನಲ್ಲಿರುವ ಶಾಖಶಕ್ತಿ ಒಂದು ಲೀಟರ್ ಡೀಸೆಲ್‌ಗಿಂತ ಸುಮಾರು 8 ಪ್ರತಿಶತ ಕಡಿಮೆ. ಹಾಗಾಗಿ 20 ಪ್ರತಿಶತ ಬೆರಕೆಯಲ್ಲಿ ಒಂದೂವರೆಯಿಂದ ಎರಡು ಪ್ರತಿಶತ ಕೊರತೆ ಬೀಳುತ್ತದೆ. ನೀರೆತ್ತುವ ಎಂಜಿನ್‌ನಲ್ಲಿ ಅದು ಕೈಗೆ ತಿಳಿಯುವುದೇ ಇಲ್ಲ.

ಸಿಗುವುದು ಬೇರೆ. ಬಯೋಡೀಸೆಲ್‌ನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಪೂರ್ತಿಯಾಗಿ ಉರಿಯುತ್ತದೆ, ಕಪ್ಪು ಹೊಗೆ ಇಳಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ 20 ಪ್ರತಿಶತ ಬೆರಕೆಯಿಂದ ಹೊಗೆಯ ಕಣಗಳು ಸುಮಾರು 10 ಪ್ರತಿಶತ, ಕಾರ್ಬನ್ ಮಾನಾಕ್ಸೈಡ್ 11 ಪ್ರತಿಶತ, ಉರಿಯದೆ ಉಳಿದ ಹೈಡ್ರೋಕಾರ್ಬನ್ ಸುಮಾರು 20 ಪ್ರತಿಶತ ಕಡಿಮೆಯಾಗಿದ್ದವು. ನೈಟ್ರೋಜನ್ ಆಕ್ಸೈಡ್ ಮಾತ್ರ 2 ಪ್ರತಿಶತ ಏರಿತ್ತು. ಅದನ್ನೂ ಮುಚ್ಚಿಡದೆ ಹೇಳಬೇಕು.

ಎರಡನೆಯ ಲಾಭ ಜಾರುಗುಣ. 2020ರ ಏಪ್ರಿಲ್‌ನಿಂದ ಬಂಕಿನಲ್ಲಿ ಸಿಗುತ್ತಿರುವ ಬಿಎಸ್-6 (ಭಾರತ್ ಸ್ಟೇಜ್ 6 ಹೊಗೆ ಮಾನದಂಡದ) ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಪಾಲಷ್ಟೇ. ಗಂಧಕ ತೆಗೆಯುವಾಗ ಡೀಸೆಲ್‌ಗೆ ಸ್ವಾಭಾವಿಕವಾಗಿದ್ದ ನುಣುಪೂ ಹೋಗುತ್ತದೆ. ಕಂಪನಿಗಳು ಬೇರೆ ರಾಸಾಯನಿಕ ಸೇರಿಸಿ ಅದನ್ನು ತುಂಬಿಕೊಡುತ್ತವೆ. ಬಯೋಡೀಸೆಲ್ ಒಂದೆರಡು ಪ್ರತಿಶತ ಸೇರಿದರೂ ಆ ನುಣುಪು ಮರಳುತ್ತದೆ. ಫ್ಯುಯೆಲ್ ಪಂಪ್‌ನ ಪ್ಲಂಜರ್‌ಗೂ ಇಂಧನ ಚಿಮ್ಮಿಸುವ ನಾಜಲ್‌ನ ಸೂಜಿಗೂ ಬೇರೆ ಎಣ್ಣೆ ಇಲ್ಲ, ಹರಿಯುವ ಡೀಸೆಲ್ಲೇ ಅವುಗಳ ಗ್ರೀಸು. ಹಳೆಯ ಎಂಜಿನ್‌ ಇಟ್ಟುಕೊಂಡವರಿಗೆ ನನ್ನ ಲೆಕ್ಕದಲ್ಲಿ ಹೊಗೆಗಿಂತಲೂ ದೊಡ್ಡ ಲಾಭ ಇದೇ.

ಯಾವ ಎಂಜಿನ್‌ಗೆ ಬೇಡ

ಹೊಗೆಕೊಳವೆಯಲ್ಲಿ ಕಣ ಸೋಸುವ ಫಿಲ್ಟರ್ ಇರುವ ಬಿಎಸ್-6 ಕಾರು, ಜೀಪು, ಪಿಕಪ್‌ಗಳಿಗೆ ಮನೆಯಲ್ಲಿ ಬೆರೆಸಿದ್ದನ್ನು ಹಾಕಬೇಡಿ. ಆ ಫಿಲ್ಟರ್‌ನ ಮಸಿ ಸುಡಲು ಕೆಲವು ಎಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಇನ್ನೊಂದು ಬಾರಿ ಇಂಧನ ಚಿಮ್ಮಿಸುತ್ತವೆ. ಬಯೋಡೀಸೆಲ್ ಬೇಗ ಆವಿಯಾಗದ ಕಾರಣ ಆ ಪಾಲು ಸಿಲಿಂಡರ್ ಗೋಡೆ ಹಿಡಿದು ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದ ಪ್ರಕಾರ ಬಂಕಿನ ಡೀಸೆಲ್‌ನಲ್ಲೇ 7 ಪ್ರತಿಶತದವರೆಗೆ ಬಯೋಡೀಸೆಲ್ ಇರಬಹುದು, ಅಂಥ ಗಾಡಿಗೆ ಅಷ್ಟು ಸಾಕು. ವಾರಂಟಿ ಮುಗಿಯದ ಟ್ರ್ಯಾಕ್ಟರ್ ಇದ್ದರೆ ಮೊದಲು ಅದರ ಪುಸ್ತಕ ತೆಗೆದು ಎಷ್ಟು ಪ್ರತಿಶತಕ್ಕೆ ಒಪ್ಪಿದ್ದಾರೆಂದು ಓದಿಕೊಳ್ಳಿ.

ಮೊದಲ ಹೆಜ್ಜೆ: ಈಗ ಎಂಜಿನ್ ಎಷ್ಟು ಕುಡಿಯುತ್ತಿದೆ ಅಳೆಯಿರಿ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು. ಆಮೇಲೆ ‘ಮೈಲೇಜ್ ಬಂತು’, ‘ಮೈಲೇಜ್ ಹೋಯ್ತು’ ಎಂಬ ವಾದ ಶುರುವಾಗುತ್ತದೆ, ಯಾರ ಕೈಯಲ್ಲೂ ಲೆಕ್ಕವಿರುವುದಿಲ್ಲ.

ಪಂಪ್‌ಸೆಟ್ ಆದರೆ ಟ್ಯಾಂಕನ್ನು ಕತ್ತಿನವರೆಗೆ ತುಂಬಿ. ಅದೇ ಪೈಪ್ ಲೈನ್, ಅಷ್ಟೇ ಸ್ಪ್ರಿಂಕ್ಲರ್, ಅದೇ ಆಕ್ಸಿಲರೇಟರ್ ಗುರುತಿನಲ್ಲಿ ಸರಿಯಾಗಿ ಎರಡು ಗಂಟೆ ಓಡಿಸಿ. ನಿಲ್ಲಿಸಿ, ಅಳತೆಯ ಜಾಡಿಯಿಂದ ಮತ್ತೆ ಅದೇ ಕತ್ತಿನವರೆಗೆ ತುಂಬಿ. ಹಿಡಿದ ಡೀಸೆಲ್ಲನ್ನು ಎರಡರಿಂದ ಭಾಗಿಸಿದರೆ ಗಂಟೆಯ ಲೆಕ್ಕ ಬರುತ್ತದೆ. ಮೂರು ದಿನ ಹೀಗೆ ಮಾಡಿ ಸರಾಸರಿ ಬರೆದಿಡಿ. ಹೊಗೆಯ ಬಣ್ಣ, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಎಷ್ಟು ಸಲ ಹ್ಯಾಂಡಲ್ ತಿರುಗಿಸಬೇಕಾಯಿತು ಎಂಬುದನ್ನೂ ಬರೆಯಿರಿ.

ಎರಡನೆಯ ಹೆಜ್ಜೆ: ಎಂಜಿನ್ ಸರಿ ಮಾಡಿಸಿ

ಹೊಗೆಯೇ ಅರ್ಧ ರೋಗ ಹೇಳಿಬಿಡುತ್ತದೆ. ಲೋಡು ಬಿದ್ದಾಗ ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ನಾಜಲ್ ಚಿಮ್ಮದೆ ಒಸರುತ್ತಿದೆ, ಇಲ್ಲವೇ ಲೋಡೇ ಜಾಸ್ತಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಇಂಧನ ಉರಿಯದೆ ಹೊರಬರುತ್ತಿದೆ. ಟೈಮಿಂಗ್ ಅಥವಾ ಕಂಪ್ರೆಷನ್ ನೋಡಿಸಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಅದು ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್‌ನ ಕೆಲಸ. ಬಯೋಡೀಸೆಲ್ ಈ ಮೂರಕ್ಕೂ ಔಷಧಿಯಲ್ಲ.

ಏರ್ ಕ್ಲೀನರ್‌ನಿಂದ ಶುರು ಮಾಡಿ. ಗಾಳಿಯ ಧೂಳನ್ನು ಎಣ್ಣೆಯ ಬಟ್ಟಲಲ್ಲಿ ಹಿಡಿಯುವ ಆಯಿಲ್ ಬಾತ್ ಮಾದರಿಯದಾದರೆ ಬಟ್ಟಲಿನ ತಳದ ಕೆಸರು ತೆಗೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿ. ಕಡೂರು, ಅರಸೀಕೆರೆ ಕಡೆಯ ಒಣ ಧೂಳಿನಲ್ಲಿ ದುಡಿಯುವ ಟಿಲ್ಲರ್‌ಗೆ ಇದನ್ನು ವಾರಕ್ಕೊಮ್ಮೆ ಮಾಡಿದರೂ ತಪ್ಪಿಲ್ಲ. ನಾಜಲ್ ಬಿಚ್ಚಿಸಿ ಟೆಸ್ಟರ್ ಮೇಲೆ ಹಾಕಿಸಿ. ಮಂಜಿನಂತೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು, ಕಂಪನಿ ಹೇಳಿದ ಒತ್ತಡಕ್ಕೇ ತೆರೆದುಕೊಳ್ಳಬೇಕು. ಟ್ಯಾಪೆಟ್ ಸಂದನ್ನು ಎಂಜಿನ್ ತಣ್ಣಗಿರುವಾಗಲೇ ಹೊಂದಿಸಿ. ಇಷ್ಟು ಮಾಡಿದ ಮೇಲೆ ಮತ್ತೆ ಎರಡು ಗಂಟೆಯ ಅಳತೆ ಮಾಡಿ ನೋಡಿ. ಬಯೋಡೀಸೆಲ್ ಒಂದು ಹನಿಯೂ ಹಾಕದೆ ಡೀಸೆಲ್ ಉಳಿದಿರುವುದು ಕಾಣುತ್ತದೆ. ನಮ್ಮ ಎಂಜಿನ್‌ನ ಕಪ್ಪು ಹೊಗೆ ಬಹುಪಾಲು ಇಳಿದದ್ದು ನಾಜಲ್ ಬದಲಿಸಿದ ದಿನವೇ.

ಮೂರನೆಯ ಹೆಜ್ಜೆ: ಟ್ಯಾಂಕ್, ಪೈಪು, ವಾಷರು

ಟ್ಯಾಂಕ್ ಇಳಿಸಿ, ಕೆಳಗಿನ ಡ್ರೈನ್ ಬಿಚ್ಚಿ, ಡೀಸೆಲ್ ಹಾಕಿ ಅಲ್ಲಾಡಿಸಿ ಎರಡು ಮೂರು ಸಲ ತೊಳೆಯಿರಿ. ನೀರು ಹಾಕಿ ತೊಳೆಯಬೇಡಿ. ಬಯೋಡೀಸೆಲ್ ಒಳ್ಳೆಯ ದ್ರಾವಕ. ಹತ್ತಾರು ವರ್ಷ ಟ್ಯಾಂಕಿನ ಗೋಡೆಗೆ ಅಂಟಿದ ಅಂಟನ್ನೂ ಸಡಿಲಿಸುತ್ತದೆ. ಹೊರಗೆ ಚೆಲ್ಲಿದರೆ ಬಣ್ಣವನ್ನೂ ಎಬ್ಬಿಸುತ್ತದೆ, ಚೆಲ್ಲಿದ ಕೂಡಲೇ ಒರೆಸಿ.

ಡೀಸೆಲ್ ಬರುವ ರಬ್ಬರ್ ಪೈಪನ್ನು ಹಿಚುಕಿ ನೋಡಿ. ಹಳೆಯ ಮಾಮೂಲಿ ರಬ್ಬರು ಬಯೋಡೀಸೆಲ್‌ಗೆ ಮೆತ್ತಗಾಗಿ ಉಬ್ಬುತ್ತದೆ, ಆಮೇಲೆ ಒಸರುತ್ತದೆ, ಏರ್ ಹಿಡಿಯುತ್ತದೆ. 20 ಪ್ರತಿಶತದವರೆಗೆ ಇದು ನಿಧಾನ, ಆದರೂ ಹಳೆಯದನ್ನು ಬದಲಿಸಿಯೇ ಶುರು ಮಾಡುವುದು ಕ್ಷೇಮ. ಅಂಗಡಿಯಲ್ಲಿ ವಿಟಾನ್ ಪೈಪ್, ವಿಟಾನ್ ಓ-ರಿಂಗ್ ಎಂದು ಕೇಳಿ, ವಿಟಾನ್ ಎಂದರೆ ಇಂಧನಕ್ಕೆ ಜಗ್ಗದ ಒಂದು ಬಗೆಯ ರಬ್ಬರು. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ತಾಮ್ರ, ಹಿತ್ತಾಳೆ, ಸತು, ಸೀಸ ಬಯೋಡೀಸೆಲ್ಲನ್ನು ಬೇಗ ಕೆಡಿಸುತ್ತವೆ. ಆದ್ದರಿಂದ ತಾಮ್ರದ ಪೈಪಿದ್ದರೆ ಉಕ್ಕಿನದಕ್ಕೆ ಬದಲಿಸಿ. ಸತು ಲೇಪಿಸಿದ ಜಿಐ ಬಕೆಟ್, ಜಿಐ ಡ್ರಮ್‌ನಲ್ಲಿ ಇಡುವುದಂತೂ ಬೇಡವೇ ಬೇಡ.

ಎರಡು ಹೊಸ ಫಿಲ್ಟರ್ ಮೊದಲೇ ತಂದು ಮನೆಯಲ್ಲಿಡಿ. ಸ್ಪ್ರಿಂಕ್ಲರ್ ಹೊಡೆಯುವ ದಿನ ಫಿಲ್ಟರ್‌ಗಾಗಿ ಪೇಟೆಗೆ ಓಡುವ ಪಾಡು ನನಗೆ ಸಾಕಾಗಿದೆ.

ಬಯೋಡೀಸೆಲ್ ಎಲ್ಲಿಂದ, ಎಂಥದು

ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ಹೆಮ್ಮೆಯಿದೆ. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆ, ಸಿಮರೂಬ, ಜತ್ರೋಪ ಹೀಗೆ ಬೇರೆ ಬೇರೆ ಕಾಲಕ್ಕೆ ಬೀಜ ಬಿಡುವ ಮರಗಳನ್ನು ಬದುಗಳಲ್ಲಿ, ಬೀಳು ಜಾಗದಲ್ಲಿ ಬೆಳೆಯಿರಿ, ಊಟದ ಬೆಳೆಯ ನೆಲ ಮುಟ್ಟಬೇಡಿ ಎಂಬುದು ಅದು ರೈತರಿಗೆ ಹೇಳಿಕೊಟ್ಟ ಮಾತು. ಕರ್ನಾಟಕ 2009ರಲ್ಲೇ ತನ್ನದೇ ಜೈವಿಕ ಇಂಧನ ನೀತಿ ತಂದಿತು. ಅದಕ್ಕೂ ಮೊದಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಎಂಬ ಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸಿ, ಅದರ ಕರೆಂಟಿನಿಂದ ರೈತರ ಹೊಲಕ್ಕೆ ನೀರೆತ್ತಿ ತೋರಿಸಿದ್ದರು.

ಹಾಗಾದರೆ ಗಾಣದ ಹೊಂಗೆ ಎಣ್ಣೆಯನ್ನೇ ನೇರವಾಗಿ ಸುರಿಯಬಹುದಲ್ಲ ಎಂದು ಕೇಳುವವರಿದ್ದಾರೆ. ನಿಧಾನಗತಿಯ ದೊಡ್ಡ ಎಂಜಿನ್‌ನಲ್ಲಿ, ಎಣ್ಣೆ ಬಿಸಿ ಮಾಡಿ, ಡೀಸೆಲ್‌ನಲ್ಲಿ ಶುರು ಮಾಡಿ ಡೀಸೆಲ್‌ನಲ್ಲೇ ನಿಲ್ಲಿಸುವ ಶಿಸ್ತಿದ್ದರೆ ಅದು ಓಡುತ್ತದೆ. ನಮ್ಮ ತೋಟಗಳಲ್ಲಿ ಆ ಶಿಸ್ತು ನಡೆಯುವುದಿಲ್ಲ. 40 ಡಿಗ್ರಿಯಲ್ಲಿ ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ಮಂದ ಎಣ್ಣೆ ಮಂಜಾಗಿ ಒಡೆಯುವುದಿಲ್ಲ, ನಾಜಲ್ ತುದಿಯಲ್ಲಿ ಕಿಟ್ಟ ಕಟ್ಟುತ್ತದೆ, ರಿಂಗ್‌ಗಳು ಪಿಸ್ಟನ್‌ನ ತೋಡಿನಲ್ಲೇ ಅಂಟಿ ಕೂರುತ್ತವೆ. ಮೊದಲ ವಾರ ಚೆನ್ನಾಗಿ ಓಡುವುದರಿಂದಲೇ ಜನ ಮೋಸ ಹೋಗುತ್ತಾರೆ.

ಆ ಮಂದತನ ಕಳೆಯಲು ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ, ಎಣ್ಣೆಯ ದೊಡ್ಡ ಅಣುವನ್ನು ಮೂರು ಸಣ್ಣ ಎಸ್ಟರ್‌ಗಳಾಗಿ ಒಡೆಯುತ್ತಾರೆ. ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಲೀಟರ್ ಎಣ್ಣೆಗೆ 200ರಿಂದ 250 ಮಿ.ಲೀ. ಮೆಥನಾಲ್, 55ರಿಂದ 60 ಡಿಗ್ರಿ ಬಿಸಿ, ಒಂದರಿಂದ ಒಂದೂವರೆ ಗಂಟೆ ಕಲಕುವುದು, ಒಂದು ರಾತ್ರಿ ತಿಳಿಯಾಗಲು ಬಿಡುವುದು. ಗ್ಲಿಸರಿನ್ ತೆಗೆದು, ಬೆಚ್ಚಗಿನ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಕೊನೆಗೆ ಕಾಯಿಸಿ ನೀರಿನಂಶ ಹೋಗಿಸುವುದು. ಹೇಳುವಾಗ ಸುಲಭ. ಹೊಂಗೆಯಲ್ಲಿ ಒಂದು ತೊಡಕಿದೆ: ಹಳೆಯ ಅಥವಾ ಹಸಿಯಾಗಿ ಕೂಡಿಟ್ಟ ಬೀಜದ ಎಣ್ಣೆಯಲ್ಲಿ ಹುಳಿ, ಅಂದರೆ ಬಿಡಿ ಕೊಬ್ಬಿನಾಮ್ಲ, ಹೆಚ್ಚಿರುತ್ತದೆ. ಕಾಸ್ಟಿಕ್ ಹಾಕಿದ ಕೂಡಲೇ ಅದು ಸೋಪಾಗಿ ಇಡೀ ಪಾತ್ರೆ ಗಟ್ಟಿಯಾಗುತ್ತದೆ.

ಹುಳಿ ಅಳೆಯುವ ವಿಧಾನ ಗೊತ್ತಿರಲಿ. ಒಂದು ಲೀಟರ್ ಭಟ್ಟಿ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿಡಿ. 10 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 1 ಮಿ.ಲೀ. ಎಣ್ಣೆ ಬೆರೆಸಿ, ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ. ಆ ಕಾಸ್ಟಿಕ್ ನೀರನ್ನು ಹನಿ ಹನಿಯಾಗಿ ಬಿಡುತ್ತಾ ಹೋಗಿ. ತಿಳಿ ಗುಲಾಬಿ ಬಣ್ಣ ಬಂದು ನಿಂತಾಗ ಎಷ್ಟು ಮಿ.ಲೀ. ಹಿಡಿಯಿತೆಂದು ನೋಡಿ. ಒಂದು ಮಿ.ಲೀ. ಅಂದರೆ ಸುಮಾರು ಮುಕ್ಕಾಲು ಪ್ರತಿಶತ ಹುಳಿ. ಮೂರು ಮಿ.ಲೀ. ದಾಟಿದರೆ ನೇರ ವಿಧಾನ ಬೇಡ. ಮೊದಲು ಗಂಧಕಾಮ್ಲ ಮತ್ತು ಮೆಥನಾಲ್‌ನಲ್ಲಿ ಹುಳಿ ಇಳಿಸಿ, ಆಮೇಲೆ ಕಾಸ್ಟಿಕ್ ಹಂತಕ್ಕೆ ಹೋಗಬೇಕು.

ಇದನ್ನು ಮನೆಯಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಮೆಥನಾಲ್ 64.7 ಡಿಗ್ರಿಗೆ ಕುದಿಯುತ್ತದೆ, ನಮ್ಮ ಮಾಮೂಲಿ ಹವೆಯಲ್ಲೇ ಅದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಹಗಲಲ್ಲಿ ಆ ಉರಿ ಕಣ್ಣಿಗೇ ಕಾಣುವುದಿಲ್ಲ. ಹೊಟ್ಟೆಗೆ ಸ್ವಲ್ಪ ಹೋದರೂ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಅದನ್ನು ಕೊಳ್ಳಲು, ಇಟ್ಟುಕೊಳ್ಳಲು ಪರವಾನಗಿ ಬೇಕು. ಅಡುಗೆಮನೆಯಾಗಲಿ ಕೊಟ್ಟಿಗೆಯಾಗಲಿ ಅದಕ್ಕೆ ಜಾಗವಲ್ಲ. ಕಲಿಯಬೇಕೆಂದಿದ್ದರೆ ತರಬೇತಿ ಪಡೆದು, ಮುಚ್ಚಿದ ರಿಯಾಕ್ಟರ್ ಇರುವ ಘಟಕದಲ್ಲಿ ಮಾಡಿ. ಬೀಜ ನಿಮ್ಮದಾಗಿರಲಿ, ಒಡೆಯುವ ಕೆಲಸ ಘಟಕದವರದಾಗಿರಲಿ. ಎಕ್ಸ್‌ಪೆಲ್ಲರ್‌ನಲ್ಲಿ ಸುಮಾರು 4 ಕಿಲೊ ಒಣ ಹೊಂಗೆ ಬೀಜಕ್ಕೆ ಒಂದು ಲೀಟರ್ ಎಣ್ಣೆ ಸಿಗುತ್ತದೆ, ಉಳಿದ ಹಿಂಡಿ ತೋಟಕ್ಕೆ ಬರುತ್ತದೆ. ಹೊಂಗೆ ಹಿಂಡಿಯ ಬೆಲೆ ಆಲೂಗಡ್ಡೆ ಬೆಳೆಯುವವರಿಗೆ, ಅಡಿಕೆ ಬೆಳೆಯುವವರಿಗೆ ಹೇಳಬೇಕಿಲ್ಲ. ಲೆಕ್ಕ ಹಾಕುವಾಗ ಹಿಂಡಿ ಸೇರಿಸದಿದ್ದರೆ ಹೊಂಗೆ ಯಾವತ್ತೂ ನಷ್ಟವಾಗಿಯೇ ಕಾಣುತ್ತದೆ.

ಹೋಟೆಲ್‌ಗಳ ಕರಿದ ಎಣ್ಣೆಯಿಂದಲೂ ಬಯೋಡೀಸೆಲ್ ಆಗುತ್ತದೆ. 2018ರ ಜುಲೈನಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು 25 ಪ್ರತಿಶತ ದಾಟಿದ ಎಣ್ಣೆಯನ್ನು ಮತ್ತೆ ಕರಿಯಲು ಬಳಸುವಂತಿಲ್ಲ. ಆ ಎಣ್ಣೆ ಬೀದಿ ಬದಿಯ ಬಾಣಲೆಗೆ ಮರಳುವುದಕ್ಕಿಂತ ಎಂಜಿನ್‌ಗೆ ಬರುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಒಂದು ಎಚ್ಚರ: ಅದರಲ್ಲಿ ಪಾಮ್ ಎಣ್ಣೆಯೇ ಹೆಚ್ಚು. ಪಾಮ್ ಬಯೋಡೀಸೆಲ್ 15 ಡಿಗ್ರಿಯ ಆಸುಪಾಸಿನಲ್ಲೇ ಮೋಡದಂತೆ ಮಬ್ಬಾಗಿ ಮೇಣ ಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೂಡಿಗೆರೆ, ಬಾಬಾಬುಡನ್‌ಗಿರಿ ತಪ್ಪಲಿನ ತೋಟಗಳಲ್ಲಿ ಬೆಳಗಿನ ಜಾವಕ್ಕೆ ಫಿಲ್ಟರ್ ಕಟ್ಟಲು ಅಷ್ಟು ಸಾಕು. ಹೊಂಗೆಯಲ್ಲಿ ಓಲಿಕ್ ಆಮ್ಲದ ಪಾಲು ಹೆಚ್ಚು, ನಮ್ಮ ಚಳಿಯನ್ನು ಅದು ಚೆನ್ನಾಗಿ ತಡೆಯುತ್ತದೆ.

ಕೊಂಡದ್ದನ್ನು ಪರೀಕ್ಷಿಸಿ

ಭಾರತೀಯ ಮಾನದಂಡ ಐಎಸ್ 15607ರ ಪರೀಕ್ಷಾ ವರದಿ ಕೇಳಿ ಕೊಳ್ಳಿ. ಎಸ್ಟರ್ ಕನಿಷ್ಠ 96.5 ಪ್ರತಿಶತ, ಆಮ್ಲ ಮೌಲ್ಯ ಗರಿಷ್ಠ 0.50, ನೀರು ಕಿಲೊಗೆ 500 ಮಿಲಿಗ್ರಾಂ ಒಳಗೆ, ಸಾಂದ್ರತೆ ಲೀಟರಿಗೆ 860ರಿಂದ 900 ಗ್ರಾಂ: ಈ ನಾಲ್ಕನ್ನು ನೋಡಿದರೆ ಸಾಕು. ಬಯೋಡೀಸೆಲ್ ಹೆಸರಿನಲ್ಲಿ ಬೇರೇನನ್ನೋ ಅಗ್ಗಕ್ಕೆ ಮಾರುವವರಿದ್ದಾರೆ. ಬೆರೆಸಲು ಬಯೋಡೀಸೆಲ್ ಮಾರುವುದಕ್ಕೆ ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2019ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬಿಲ್ಲು ಕೊಡದ ಟ್ಯಾಂಕರಿನಿಂದ ಏನನ್ನೂ ಕೊಳ್ಳಬೇಡಿ, ನಿಮ್ಮ ಬೆರಕೆಯನ್ನು ಇನ್ನೊಬ್ಬರಿಗೆ ಮಾರಲೂ ಬೇಡಿ.

ವರದಿ ಇದ್ದರೂ ನಾನು ಮನೆಯಲ್ಲಿ ಎರಡು ಪರೀಕ್ಷೆ ಮಾಡುತ್ತೇನೆ. ಗಾಜಿನ ಬಾಟಲಿಯಲ್ಲಿ ಅರ್ಧ ಬಯೋಡೀಸೆಲ್, ಅರ್ಧ ನೀರು ಹಾಕಿ ಜೋರಾಗಿ ಕುಲುಕಿ ಇಡುತ್ತೇನೆ. ಅರ್ಧ ಗಂಟೆಯೊಳಗೆ ಎರಡೂ ಬೇರೆಯಾಗಿ, ನಡುವೆ ತೆಳ್ಳಗೆ ಗೆರೆ ಕಂಡರೆ ಒಳ್ಳೆಯದು. ಮಜ್ಜಿಗೆಯ ಹಾಗೆ ಬಿಳಿ ಪದರ ನಿಂತರೆ ಸೋಪು ಉಳಿದಿದೆ ಅಥವಾ ಎಣ್ಣೆ ಪೂರ್ತಿ ಒಡೆದಿಲ್ಲ. ಇನ್ನೊಂದು ನೀರಿನ ಪರೀಕ್ಷೆ: ಬಿಸಿ ಮಾಡಿದ ತಟ್ಟೆಯನ್ನು ಒಲೆಯಿಂದ ಕೆಳಗಿಳಿಸಿ ದೂರ ಒಯ್ದು, ಅದರ ಮೇಲೆ ಎರಡು ಹನಿ ಬಿಡಿ. ಒಗ್ಗರಣೆಯಂತೆ ಚಟಚಟ ಎಂದರೆ ನೀರಿದೆ.

ಬೆರೆಸುವ ಕ್ರಮ

20 ಲೀಟರ್ ಕ್ಯಾನ್ ಲೆಕ್ಕ ಇಟ್ಟುಕೊಳ್ಳಿ. 5 ಪ್ರತಿಶತಕ್ಕೆ 1 ಲೀಟರ್ ಬಯೋಡೀಸೆಲ್, 10ಕ್ಕೆ 2 ಲೀಟರ್, 20ಕ್ಕೆ 4 ಲೀಟರ್, ಉಳಿದದ್ದು ಡೀಸೆಲ್. ಬಯೋಡೀಸೆಲ್ ಡೀಸೆಲ್‌ಗಿಂತ ಭಾರ, ಮೊದಲು ಹಾಕಿದರೆ ತಳದಲ್ಲೇ ಕೂರುತ್ತದೆ. ಅದಕ್ಕೇ ಅರ್ಧ ಡೀಸೆಲ್ ಸುರಿದು, ಅದರ ಮೇಲೆ ಬಯೋಡೀಸೆಲ್ ಸುರಿದು, ಮತ್ತೆ ಉಳಿದ ಡೀಸೆಲ್ ಹಾಕಿ ಮುಚ್ಚಳ ಬಿಗಿದು ಉರುಳಿಸಿ. ಒಮ್ಮೆ ಬೆರೆತರೆ ಮತ್ತೆ ಬೇರೆಯಾಗುವುದಿಲ್ಲ. ಎಂಜಿನ್ ಟ್ಯಾಂಕಿನಲ್ಲೇ ಬೆರೆಸುವ ಅಭ್ಯಾಸ ಬೇಡ. ಟ್ಯಾಂಕಿಗೆ ಸುರಿಯುವಾಗ ಸಣ್ಣ ಕಣ್ಣಿನ ಜಾಲರಿಯ ಫನಲ್ ಇರಲಿ.

ಮೊದಲ ಎರಡು ಟ್ಯಾಂಕ್ 5 ಪ್ರತಿಶತ. 25 ಗಂಟೆ ಓಡಿದ ಮೇಲೆ ಫಿಲ್ಟರ್ ಬಿಚ್ಚಿ ನೋಡಿ. ಕಪ್ಪು ಗಸಿ ಕಂಡರೆ ಬದಲಿಸಿ, 5ರಲ್ಲೇ ಇನ್ನೆರಡು ಟ್ಯಾಂಕ್ ಓಡಿಸಿ. ಸ್ವಚ್ಛವಾಗಿದ್ದರೆ 10ಕ್ಕೆ ಹೋಗಿ. ಇನ್ನೊಂದು 50 ಗಂಟೆಯ ಬಳಿಕ ಮತ್ತೆ ನೋಡಿ, ಆಮೇಲೆ 20. ಅಲ್ಲಿಗೆ ನಿಲ್ಲಿಸಿ. 20 ದಾಟಿದರೆ ರಬ್ಬರು, ಚಳಿ, ಎಂಜಿನ್ ಆಯಿಲ್ ಮೂರರ ಚಿಂತೆಯೂ ಶುರುವಾಗುತ್ತದೆ, ಸಿಗುವ ಲಾಭ ಅದಕ್ಕೆ ಸಾಲುವುದಿಲ್ಲ. ನಾನು ವರ್ಷದ ಬಹುಪಾಲು 10ರಲ್ಲೇ ಇರುತ್ತೇನೆ.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕನ್ನು ವಾರಕ್ಕೊಮ್ಮೆ ಎಳೆದು ನೋಡಿ. ಮಟ್ಟ ಇಳಿಯಬೇಕಾದದ್ದು ಏರಿದ್ದರೆ, ಆಯಿಲ್ ನೀರಾದಂತೆ ಕಂಡರೆ, ಇಂಧನ ಒಳಗೆ ಇಳಿಯುತ್ತಿದೆ ಎಂದರ್ಥ. ಎಂಜಿನ್ ನಿಲ್ಲಿಸಿ, ನಾಜಲ್ ಮತ್ತು ರಿಂಗ್ ತೋರಿಸಿ. ಮೊದಲ ವರ್ಷ ಆಯಿಲ್ ಬದಲಾವಣೆಯನ್ನು ಕಂಪನಿ ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆಯೇ ಮಾಡಿಸಿ.

‘ನೈಸರ್ಗಿಕ’ ಎಂದು ಮಾರುವ ಸೇರ್ಪಡೆಗಳು

ಕರ್ಪೂರ ಹಾಕಿದರೆ ಮೈಲೇಜ್, ಹರಳೆಣ್ಣೆ ಹಾಕಿದರೆ ಪಿಕಪ್, ನೀಲಗಿರಿ ಎಣ್ಣೆ ಹಾಕಿದರೆ ಹೊಗೆ ಮಾಯ: ಈ ಮಾತುಗಳನ್ನು ಸಂತೆಯಲ್ಲೂ ಕೇಳಿದ್ದೇನೆ, ಮೊಬೈಲಿನಲ್ಲೂ ನೋಡಿದ್ದೇನೆ. ಒಂದೊಂದಾಗಿ ನೋಡೋಣ.

ಹರಳೆಣ್ಣೆಯಲ್ಲಿ ಸತ್ಯದ ಒಂದು ಎಳೆಯಿದೆ. ಅದರಿಂದ ತಯಾರಿಸಿದ ಎಸ್ಟರ್ ಅರ್ಧದಿಂದ ಒಂದು ಪ್ರತಿಶತ ಸೇರಿದರೂ ಡೀಸೆಲ್‌ನ ಜಾರುಗುಣ ಚೆನ್ನಾಗಿ ಏರುತ್ತದೆ. ಆದರೆ ಅಂಗಡಿಯ ಹಸಿ ಹರಳೆಣ್ಣೆ ವಿಪರೀತ ಮಂದ, ಸಾಲದ್ದಕ್ಕೆ ಡೀಸೆಲ್‌ನಲ್ಲಿ ಸರಿಯಾಗಿ ಬೆರೆಯುವುದೂ ಇಲ್ಲ. ಬೇರೆ ಎಣ್ಣೆಗಳಂತಲ್ಲದೆ ಅದು ಆಲ್ಕೋಹಾಲ್‌ಗೆ ಒಲಿಯುತ್ತದೆ, ಪೆಟ್ರೋಲಿಯಂಗೆ ಒಲಿಯುವುದಿಲ್ಲ. ತಳದಲ್ಲಿ ಜಿಗುಟಾಗಿ ಕೂತು ನೇರ ಫಿಲ್ಟರ್‌ಗೆ ಹೋಗುತ್ತದೆ. ಹೊಂಗೆ ಬಯೋಡೀಸೆಲ್ ಆಗಲೇ ಆ ನುಣುಪು ಕೊಟ್ಟಿರುವಾಗ ಹರಳೆಣ್ಣೆಯನ್ನು ಕೂದಲಿಗೇ ಬಿಡಿ.

ನೀಲಗಿರಿ ಎಣ್ಣೆ ತೆಳ್ಳಗಿದೆ, ಉರಿಯುತ್ತದೆ, ಮಂದ ಎಣ್ಣೆಗಳ ಜೊತೆ ಬೆರೆಸಿ ಸಂಶೋಧಕರು ಪ್ರಯೋಗವನ್ನೂ ಮಾಡಿದ್ದಾರೆ. ಆದರೆ ಅದರ ಸಿಟೇನ್, ಅಂದರೆ ಬೇಗ ಹೊತ್ತಿಕೊಳ್ಳುವ ಗುಣ, ಕಡಿಮೆ. ಚಿಮ್ಮಿದ ಇಂಧನ ಹೊತ್ತಿಕೊಳ್ಳಲು ತಡವಾದಷ್ಟೂ ಎಂಜಿನ್ ಬಡಿಯುತ್ತದೆ. ಬೆಲೆಯೋ ಡೀಸೆಲ್‌ನ ಎಷ್ಟೋ ಪಟ್ಟು. ಟರ್ಪೆಂಟೈನ್‌ಗೂ ಇದೇ ಮಾತು. ಕರ್ಪೂರ ಡೀಸೆಲ್‌ನಲ್ಲಿ ಕರಗುತ್ತದೆ ನಿಜ, ಆದರೆ ನಾಲ್ಕು ಬಿಲ್ಲೆ ಕರ್ಪೂರದ ಶಾಖ ಎಷ್ಟಿದ್ದೀತು? ದೇವರ ಮುಂದೆ ಹಚ್ಚುವುದಕ್ಕೆ ಇರಲಿ.

ಎಥನಾಲ್ ಹಾಕಬೇಡಿ. ಸ್ವಲ್ಪ ನೀರು ಸೇರಿದರೂ ಡೀಸೆಲ್‌ನಿಂದ ಬೇರೆಯಾಗುತ್ತದೆ, ಟ್ಯಾಂಕಿನ ಆವಿ ಪೆಟ್ರೋಲಿನಂತೆ ಕಿಡಿಗೆ ಕಾಯುತ್ತದೆ. ಸೀಮೆಎಣ್ಣೆ ನುಣುಪನ್ನು ಇನ್ನಷ್ಟು ಕಳೆದು ಫ್ಯುಯೆಲ್ ಪಂಪ್ ತಿನ್ನುತ್ತದೆ.

ನಿಜಕ್ಕೂ ಪ್ರಯೋಜನಕ್ಕೆ ಬರುವ ನೈಸರ್ಗಿಕ ಸೇರ್ಪಡೆ ಎಂದರೆ ಆಕ್ಸಿಡೀಕರಣ ತಡೆಯುವಂಥದ್ದು. ಬಯೋಡೀಸೆಲ್ ಗಾಳಿ, ಬೆಳಕು, ಶಾಖಕ್ಕೆ ಹಳಸುತ್ತದೆ. ಕೊಬ್ಬರಿ ಎಣ್ಣೆ ಕಮಟು ಬರುವ ಹಾಗೆ ಇದೂ ಕಮಟಾಗಿ, ಹುಳಿಯೇರಿ, ಕೊನೆಗೆ ಅಂಟು ಬಿಡುತ್ತದೆ. ಸಸ್ಯಜನ್ಯ ವಿಟಮಿನ್ ಇ, ರೋಸ್‌ಮೆರಿ ಸಾರ ಇದನ್ನು ಸ್ವಲ್ಪ ತಡೆಯುತ್ತವೆ. ಕಾರ್ಖಾನೆಯಲ್ಲಿ ಹಾಕುವ ಟಿಬಿಎಚ್‌ಕ್ಯೂ, ಪೈರೊಗ್ಯಾಲಾಲ್ ಎಂಬ ರಾಸಾಯನಿಕಗಳಷ್ಟು ಬಲ ಅವಕ್ಕಿಲ್ಲ. ಇದೂ ಬಯೋಡೀಸೆಲ್ ಹೊಸದಿದ್ದಾಗಲೇ ಬೀಳಬೇಕು. ಹಳಸಿದ ಮೇಲೆ ಹಾಕಿದರೆ ಮರಳಿ ಬರುವುದಿಲ್ಲ. ತಯಾರಿಸಿದವರು ಹಾಕಿದ್ದಾರೆಯೇ, ಯಾವ ದಿನಾಂಕದಲ್ಲಿ ತಯಾರಾಯಿತು ಎಂದು ಕೇಳಿ, ಬೇಕಾದಷ್ಟೇ ತಂದು ಬೇಗ ಮುಗಿಸುವುದು ಯಾವ ಸೇರ್ಪಡೆಗಿಂತಲೂ ಉತ್ತಮ.

ಮಳೆಗಾಲ

ಮಲೆನಾಡಿನಲ್ಲಿ ಬಯೋಡೀಸೆಲ್‌ಗೆ ದೊಡ್ಡ ಶತ್ರು ಗಾಳಿಯಲ್ಲಿರುವ ತೇವ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಉಪ್ಪೇ ನೀರೊಡೆಯುತ್ತದೆ. ಬಯೋಡೀಸೆಲ್ ಡೀಸೆಲ್‌ಗಿಂತ ಹೆಚ್ಚು ತೇವ ಹೀರುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಮೇಲ್ಭಾಗದಲ್ಲಿ ರಾತ್ರಿ ಬೆವರು ಕಟ್ಟಿ ತಳಕ್ಕೆ ಇಳಿಯುತ್ತದೆ. ನೀರು ಮತ್ತು ಎಣ್ಣೆ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಫಿಲ್ಟರ್‌ನಲ್ಲಿ ಕಪ್ಪು ಗಸಿಯ ಬದಲು ಕಂದು ಲೋಳೆ ಕಂಡರೆ ಕಾರಣ ಇದೇ.

ದಪ್ಪ ಪ್ಲಾಸ್ಟಿಕ್ ಕ್ಯಾನ್ ಅಥವಾ ಸ್ಟೀಲ್ ಡ್ರಮ್‌ನಲ್ಲಿ ಬಾಯಿವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳದ ಕಡೆ ಹಲಗೆಯ ಮೇಲಿಡಿ. ನೆಲಕ್ಕೆ ತಾಗಿಸಬೇಡಿ. ತಂದ ದಿನಾಂಕ ಕ್ಯಾನ್ ಮೇಲೆ ಬರೆದು ಅಂಟಿಸಿ. ಶುದ್ಧ ಬಯೋಡೀಸೆಲ್ ಆರು ತಿಂಗಳಿಗಿಂತ ಹೆಚ್ಚು ಇಡಬೇಡಿ. ಮಲೆನಾಡಿನ ಮಳೆಗಾಲ ದಾಟಿಸುವ ಯೋಚನೆಯನ್ನೇ ಬಿಡಿ. ಬಳಕೆಯ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರ್ ಬಟ್ಟಲಿನ ಡ್ರೈನ್ ಸ್ವಲ್ಪ ಸಡಿಲಿಸಿ, ಗಾಜಿನ ಲೋಟದಲ್ಲಿ ಹಿಡಿದು ನೀರಿನ ಗುಳ್ಳೆ ಇದೆಯೇ ನೋಡಿ. ಎರಡು ನಿಮಿಷದ ಕೆಲಸ.

ಸ್ಪ್ರಿಂಕ್ಲರ್ ಕಾಲ ಮುಗಿದು ಎಂಜಿನ್ ಮೂಲೆ ಸೇರುವ ಮೊದಲು ಮಾಡಬೇಕಾದದ್ದೊಂದಿದೆ. ಟ್ಯಾಂಕಿನಲ್ಲಿ ಉಳಿದ ಬೆರಕೆಯನ್ನು ಓಡಿಸಿ ಮುಗಿಸಿ, ಬರೀ ಡೀಸೆಲ್ ತುಂಬಿ ಒಂದು ಗಂಟೆ ಲೋಡಿನಲ್ಲಿ ಓಡಿಸಿ. ಪಂಪ್, ಪೈಪ್, ನಾಜಲ್ ಒಳಗೆ ಬಯೋಡೀಸೆಲ್ ಉಳಿಯಬಾರದು. ಆಮೇಲೆ ಟ್ಯಾಂಕನ್ನು ಡೀಸೆಲ್‌ನಿಂದಲೇ ಕತ್ತಿನವರೆಗೆ ತುಂಬಿ, ಎಂಜಿನ್ ಆಯಿಲ್ ಬದಲಿಸಿ, ಹೊಗೆಕೊಳವೆಯ ಬಾಯಿಗೆ ಡಬ್ಬ ಕವುಚಿ. ನಾನು ಇದನ್ನು ಮೇ ಮೂರನೆಯ ವಾರದಲ್ಲಿ, ಮೊದಲ ದೊಡ್ಡ ಮಳೆಗೆ ಮುಂಚೆ ಮಾಡಿ ಮುಗಿಸುತ್ತೇನೆ. ಫೆಬ್ರುವರಿಯಲ್ಲಿ ಹ್ಯಾಂಡಲ್ ಹಾಕಿದರೆ ಎರಡನೆಯ ಸುತ್ತಿಗೇ ಹಿಡಿಯುತ್ತದೆ.